ನಾನು ಓದಿ ಹೇಳದ ಒಂದು ಮೇಲ್

ಬೆಟಗೇರಿ, ಎರಡು ಸಾವಿರದ ನೂರ ತೊಂಬತ್ತೆಂಟನೇ ಇಸವಿ, ಫೆಬ್ರವರಿ ಮೂವತ್ತು

ನಮಗಿಂತ ನೂರೆಪ್ಪತ್ತು ವರ್ಷ ಹಿಂದಿರುವವರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ದಿನಗಳು ವರ್ಷದ ಕೊನೆಗೆ ರಜೆ. ನನ್ನ ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ, ತಿದ್ದಿ ಬರೆಯುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ.

ನಿಮ್ಮ ಕಾಲದ ಪೆಟ್ರೋಲ್ ಹೋಯಿತು, ನಾಣ್ಯ ಹೋಯಿತು, ಆ ದರಿದ್ರ ಮೋಸದ ಮೇಲ್ ಮಾತ್ರ ಹೋಗಲಿಲ್ಲ. ನಲ್ಲಿ ನೀರಿನಿಂದ ಹಿಡಿದು ಆಸ್ಪತ್ರೆಯವರೆಗೆ ನಾವು ಎಲ್ಲದಕ್ಕೂ ‘ಕೈಸಂದಾಯ’ ಎಂಬ ಒಂದೇ ಸೇವೆಯಿಂದ ಹಣ ಕೊಡುತ್ತೇವೆ. ಕಳ್ಳರೂ ಅದರದೇ ಹೆಸರು, ಅದರದೇ ಹಸಿರು ಮುದ್ರೆ ಹಾಕಿ ಬರೆಯುತ್ತಾರೆ. ಅದಕ್ಕೇ ಓಣಿಗೊಂದು ಓದುಕಟ್ಟೆ ಇದೆ. ಹಣದ ವಿಷಯಕ್ಕೆ ಅವಸರ ಮಾಡುವ ಯಾವ ಮೇಲ್ ಬಂದರೂ, ಅದರಲ್ಲಿರುವ ಕೊಂಡಿ ಒತ್ತುವ ಮೊದಲು ಕಟ್ಟೆಗೆ ತಂದು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಹಾಗೆ ಕೂತು ಕೇಳುವವಳೇ ಕೇಳುಗಿತ್ತಿ. ನಾನು, ನೀಲಗಂಗವ್ವ, ಮೂವತ್ತೊಂದು ವರ್ಷ ಅದೇ ಕೆಲಸದಲ್ಲಿದ್ದೆ.

ಅವರೆಕಾಯಿ ಸುಲಿಯುತ್ತಲೇ ಕೇಳುತ್ತಿದ್ದೆ. ಕಳಿಸಿದವರ ವಿಳಾಸ ಕೈಸಂದಾಯದ್ದೇ ಏನು ಅಂತ ಕೇಳುತ್ತಿದ್ದೆ. ನಿನ್ನ ಹೆಸರು ಹಿಡಿದು ಕರೆದಿದ್ದಾರೋ, ಬರೀ ‘ಮಾನ್ಯ ಗ್ರಾಹಕರೇ’ ಅಂದಿದ್ದಾರೋ ನೋಡು ಅನ್ನುತ್ತಿದ್ದೆ. ಗುಪ್ತಸಂಖ್ಯೆ ಕೇಳಿದ್ದರೆ ಮುಂದೆ ಓದುವುದೇ ಬೇಡ. ಅನುಮಾನ ಬಂದರೆ ಆ ಮೇಲ್‌ನಲ್ಲಿರುವ ಕೊಂಡಿ ಮುಟ್ಟದೆ, ನೀನೇ ಕೈಸಂದಾಯ ತೆರೆದು ನೋಡಿಕೋ ಅನ್ನುತ್ತಿದ್ದೆ. ಎಷ್ಟೋ ಸಲ ನಾನು ಬಾಯಿ ಬಿಡುವುದೇ ಬೇಕಾಗುತ್ತಿರಲಿಲ್ಲ. ಓದುತ್ತ ಓದುತ್ತ ಅವರಿಗೇ ನಾಚಿಕೆಯಾಗಿ ಎದ್ದು ಹೋಗುತ್ತಿದ್ದರು.

ನನ್ನ ತಂಗಿ ಶಿವಲೀಲಾಳ ಒಂದು ಕಣ್ಣು ಮೊದಲೇ ಹೋಗಿತ್ತು. ಉಳಿದದ್ದಕ್ಕೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿ, ಅದರ ಹಣ ನನ್ನ ಖಾತೆಯಲ್ಲಿತ್ತು. ಇನ್ನು ನಾಲ್ಕು ದಿನ ಇದೆ ಅನ್ನುವಾಗ ನನಗೇ ಮೇಲ್ ಬಂತು. ಆಸ್ಪತ್ರೆಗೆ ಹಣ ತಲುಪಿಲ್ಲ, ಮಧ್ಯಾಹ್ನದೊಳಗೆ ಖಚಿತಪಡಿಸದಿದ್ದರೆ ಸರದಿ ರದ್ದು ಅಂತ ಇತ್ತು. ಕಟ್ಟೆಯ ಮೇಲೇ ಕೂತಿದ್ದೆ, ಸುತ್ತ ಶಿವಲೀಲಾ ಸೇರಿ ಆರು ಜನ ಇದ್ದರು. ಊರಿಗೆಲ್ಲ ಹೇಳುವ ಕೇಳುಗಿತ್ತಿ ಈಗ ಇವರ ಮುಂದೆ ಓದಿ ಹೇಳಬೇಕಾ ಅನಿಸಿತು. ಸೆರಗಿನ ಮರೆಯಲ್ಲಿ ಹಿಡಿದು, ಒತ್ತಿ, ಗುಪ್ತಸಂಖ್ಯೆ ಬರೆದೆ. ಅವರೆಕಾಯಿ ಬುಟ್ಟಿ ಖಾಲಿಯಾಗುವ ಮೊದಲೇ ಖಾತೆ ಖಾಲಿಯಾಯಿತು.

ಕೈಸಂದಾಯದವರಿಗೆ ಕೂಡಲೇ ತಿಳಿಸಿದ್ದರೆ ಹಣ ತಡೆಯುತ್ತಿದ್ದರೋ ಏನೋ. ಮಾನಕ್ಕೆ ಅಂಜಿ ಸಂಜೆಯವರೆಗೆ ಸುಮ್ಮನಿದ್ದೆ. ಹಣ ಕಟ್ಟಲಾಗದೆ ಸರದಿ ತಪ್ಪಿತು, ಮರುಸರದಿ ಬರಲು ಹತ್ತೊಂಬತ್ತು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ಕಣ್ಣೂ ಹೋಯಿತು. ಅವಳು ಬೈದಿದ್ದರೆ ಚೆನ್ನಾಗಿತ್ತು. ಒಂದೇ ಮಾತು ಅಂದಳು: “ಅಕ್ಕಾ, ಪಕ್ಕದಾಗ ನಾನ ಇದ್ನಲ್ಲ, ನನಗರ ಓದಿ ಹೇಳಬಾರದಿತ್ತೇನು?”

ಈಗ ಕೇಳುಗಿತ್ತಿ ಅವಳು. ಹಸಿರು ಮುದ್ರೆ ಅವಳಿಗೆ ಕಾಣುವುದಿಲ್ಲ, ಮಾತಷ್ಟೇ ಕೇಳುತ್ತದೆ. ನಾನು ಕಾಯಿ ಸುಲಿದು ಅವಳ ಬುಟ್ಟಿಗೆ ಹಾಕುತ್ತೇನೆ. ಇವತ್ತು ಬೆಳಿಗ್ಗೆ ನನಗೆ ಮತ್ತೆ ಅಂಥದೇ ಮೇಲ್ ಬಂತು. ಒಂಬತ್ತು ಜನರ ಮುಂದೆ ನಿಂತು ಅವಳಿಗೆ ಓದಿದೆ. ನಡುವೆ ನಿಲ್ಲಿಸಿದೆ. ಪೂರ್ತಿ ಓದು ಅಂದಳು, ಓದಿದೆ.

ನಿಮ್ಮಲ್ಲಿ ಕಟ್ಟೆ ಇಲ್ಲ, ಗೊತ್ತು. ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ನಾಚಿಕೆಯಾದರೂ ಅವರಿಗೆ ಓದಿ ಹೇಳಿ. ನನಗೆ ದಣಿವಾಗಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಈ ಪತ್ರವನ್ನೂ ಶಿವಲೀಲಾಳಿಗೆ ಓದಿ ಹೇಳಿಯೇ ಕಳಿಸುತ್ತಿದ್ದೇನೆ.

ನೀಲಗಂಗವ್ವ