ಮಗ್ಗ ನಿಲ್ಲಿಸೋದು ಬೇಡ

ಜರ್ಮನಿ,
ಭಾನುವಾರ

ಅಮ್ಮಾ,

ನಾನು ಚೆನ್ನಾಗಿದೀನಿ. ಇದನ್ನ ಮೊದಲೇ ಬರೆದುಬಿಟ್ರೆ ಮಿಕ್ಕಿದ್ದನ್ನ ನೀನು ಸಮಾಧಾನವಾಗಿ ಓದ್ತೀಯ.

ಆಸ್ಪತ್ರೇಲಿ ನರ್ಸ್ ಕೆಲಸ ಅಭ್ಯಾಸ ಆಗಿದೆ. ರೂಮು ನನಗೊಬ್ಬಳಿಗೇ. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸಂದೀಲಿ ಚಾಪೆ ಹಾಸ್ಕೊಂಡು ಮಲಗ್ತಿದ್ದವಳಿಗೆ ಇಷ್ಟು ಜಾಗ ಇಟ್ಕೊಂಡು ಏನು ಮಾಡ್ಬೇಕೋ ಗೊತ್ತಾಗಲ್ಲ. ಬಸ್ಸಲ್ಲೂ ಅಷ್ಟೇ, ಪಕ್ಕದ ಸೀಟು ಖಾಲಿ ಇದ್ರೂ ಯಾರೂ ಬಂದು ಕೂರಲ್ಲ.

ಹೋದ ವಾರ ನಿನ್ನ ಜೊತೆ ಫೋನಲ್ಲಿ ಮಾತಾಡ್ತಿದ್ದಾಗ ಪಕ್ಕದ ಮನೆಯಾಕೆ ಬಂದು ಬೆಲ್ ಒತ್ತಿದ್ಲು. ನಿನ್ನನ್ನ ಯಾರಾದ್ರೂ ಹೊಡೀತಿದಾರಾ, ಪೊಲೀಸರನ್ನ ಕರೀಲಾ ಅಂತ ಕೇಳಿದ್ಲು. ನಾವು ಸೀರೆ ನೇಯೋರು, ಮಗ್ಗದ ಸದ್ದಲ್ಲಿ ಕೂಗಿ ಕೂಗಿ ಹಿಂಗೇ ಮಾತಾಡೋದು, ನಮ್ಮಮ್ಮಂಗೆ ಕಿವಿ ಬೇರೆ ಮಂದ ಅಂದೆ. ತಲೆ ಆಡಿಸಿದ್ಲು. ನಂಬಿದ ಹಾಗೆ ಕಾಣ್ಲಿಲ್ಲ.

ಆವತ್ತಿಂದ ರೂಮಲ್ಲಿ ಬಾಯಿ ಬಿಟ್ಟಿಲ್ಲ. ಮೆಲ್ಲಗೆ ಮಾತಾಡಿದ್ರೆ ನಿನಗೆ ಕೇಳಿಸಲ್ಲ, ಅದಕ್ಕೇ ಈ ಕಾಗದ. ಅಳುವೇನೂ ಬರ್ತಿಲ್ಲ, ಚಿಂತೆ ಮಾಡ್ಬೇಡ. ಏನೂ ಬರ್ತಿಲ್ಲ.

ಒಂದೇ ಒಂದು ಕೆಲಸ ಆಗ್ಬೇಕು. ನಾನು ಫೋನ್ ಮಾಡಿದಾಗೆಲ್ಲ ಅಪ್ಪ ಓಡಿ ಹೋಗಿ ಮಗ್ಗ ಆಫ್ ಮಾಡ್ತಾರೆ. ಇನ್ಮೇಲೆ ಬೇಡ ಅನ್ನು. ಫೋನನ್ನ ಮಗ್ಗದ ಪಕ್ಕ ಇಟ್ಟು ನಿಮ್ಮ ಪಾಡಿಗೆ ನೀವು ಕೆಲಸ ಮಾಡ್ಕೊಳ್ಳಿ. ನನ್ನ ಮಾತಾಡ್ಸೋದೂ ಬೇಡ. ನಾನು ಇಯರ್‌ಫೋನ್ ಹಾಕ್ಕೊಂಡು ಮಲಗಿರ್ತೀನಿ. ನಿದ್ದೆ ಬಂದ್ರೂ ಬರಬಹುದು.

ನಿನ್ನ
ಮೇಘನ