ಮುದಗಲ್ಲಿನ ಎಲೆ ಅರ್ಕ

ಮಲ್ಲೇಶ,

ಏಳರ ಬಸ್ಸಿಗೆ ಸಿಂಧನೂರಿಗೆ ಹೊರಟಿದ್ದೇನೆ. ಅವ್ವನಿಗೆ ಈಗಷ್ಟೇ ಕಣ್ಣು ಹತ್ತಿದೆ, ಎಬ್ಬಿಸಬೇಡ. ಬಚ್ಚಲಿನ ಹಸಿರು ಬಾಟಲಿಯನ್ನು ಡಾಕ್ಟರಿಗೆ ತೋರಿಸಲು ಒಯ್ಯುತ್ತಿದ್ದೇನೆ.

ನೀನು ಮಿರ್ಚಿ ತಿನ್ನಿಸಿದ್ದಕ್ಕೇ ಅವ್ವನ ಬಾಯಿ ಹುಣ್ಣಾಯಿತೆಂದು ಮೊನ್ನೆ ಓಣಿಗೆಲ್ಲ ಕೇಳುವಂತೆ ಕೂಗಾಡಿದೆನಲ್ಲ, ತಪ್ಪು ನಿನ್ನದಲ್ಲ. ಕಿಮೋ ಆದಮೇಲೆ ಈ ಸಲವಾದರೂ ಹುಣ್ಣು ಏಳದಿರಲಿ ಎಂದು ಮುದಗಲ್ಲಿನಿಂದ ಎಲೆಗಳ ಅರ್ಕ ತಂದು, ಯಾರನ್ನೂ ಕೇಳದೆ ಮೂರು ದಿನ ಬಾಯಿ ಮುಕ್ಕಳಿಸಲು ಕೊಟ್ಟವಳು ನಾನೇ. ನಿನ್ನೆ ಫೋನ್ ಮಾಡಿದಾಗ ಡಾಕ್ಟರು, "ಅದರಾಗ ಸ್ಪಿರಿಟ್ ಇದ್ದೀತು, ಬಾಯಿ ಸುಡತೈತಿ. ಮೊದಲು ಬಂದ್ ಮಾಡ್ರಿ, ಬಾಟ್ಲಿ ತಗೊಂಡ್ ಬರ್ರಿ," ಎಂದರು.

ಅಷ್ಟು ಉರಿಯುತ್ತಿದ್ದರೂ ಯಾಕೆ ಹೇಳಲಿಲ್ಲವೆಂದು ಅವ್ವನನ್ನು ಕೇಳಿದೆ. "ನೀ ಅಷ್ಟು ಆಸೆಲಿಂದ ತಂದಿದ್ದಿ ಬೇ. ಬ್ಯಾಡ ಅನ್ನಾಕ ಮನಸ್ಸಾಗ್ಲಿಲ್ಲ," ಎಂದಳು.

ಉಪ್ಪು, ಅಡುಗೆ ಸೋಡಾ ಹಾಕಿದ ನೀರು ಆರಿಸಿ ಮುಚ್ಚಿಟ್ಟಿದ್ದೇನೆ. ಎರಡು ತಾಸಿಗೊಮ್ಮೆ ಮುಕ್ಕಳಿಸಲಿ. ಪಕ್ಕದ ಮನೆಯ ಮುದುಕಮ್ಮ ಸೊಪ್ಪು ಅರೆದು ತಂದರೆ ಕೈಮುಗಿದು ಕಳಿಸು. ಮೈ ಬಿಸಿಯಾದರೆ ನನ್ನ ದಾರಿ ಕಾಯದೆ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಬಾ. ಸೋಮವಾರದ ಕಿಮೋ ಮುಂದೆ ಹಾಕುತ್ತಾರೇನೋ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿದೆ.

ನಿನ್ನ ಸಿಟ್ಟನ್ನು ಸಂಜೆ ಬಂದಮೇಲೆ ತೀರಿಸಿಕೋ. ಗಂಜಿಯನ್ನು ಮಾತ್ರ ಇನ್ನು ನೀನೇ ಕುಡಿಸು. ನಾನು ಕುಡಿಸಿದರೆ ಎಷ್ಟು ಉರಿದರೂ ಸುಮ್ಮನೆ ನುಂಗುತ್ತಾಳೆ. ನಿನ್ನ ಮುಂದಾದರೆ ನೋವಾಗುತ್ತದೆ ಎಂದು ಹೇಳುತ್ತಾಳೆ.

ನಿನ್ನ ಅಕ್ಕ,
ಸುಕನ್ಯಾ