ಕಡಲ ಮೂಳೆ ಬಾರಿಸಿದ ಸೆಟ್ಟು

ಚಳ್ಳಕೆರೆ, ಫೆಬ್ರವರಿ 30, 2163

ಅಲ್ಲ ನಿಶ್ಚಲ್ ಸರ್, ಅದನ್ನೇ ನಾನೂ ಕೇಳ್ತಿರೋದು, ಮನುಷ್ಯ ಅಂದ್ಮೇಲೆ ಒಂದು ಡ್ರಮ್ ಸೆಟ್ಟನ್ನ ಒಂದು ವರ್ಷನಾದ್ರೂ ಇದ್ದ ಹಾಗೆ ಇಟ್ಕೋಬೇಕೋ ಬೇಡ್ವೋ? ಎರಡು ವರ್ಷದಿಂದ ಈ ವಾದಾನ ನಿಮ್ಮ ಫೋಟೋ ಜೊತೆ ಮಾಡ್ತಾ ಇದೀನಿ, ಅದಕ್ಕೇ ಕಾಗದಾನೂ ಮಧ್ಯದಿಂದಲೇ ಶುರುವಾಯ್ತು, ಬೇಜಾರ್ ಮಾಡ್ಕೋಬೇಡಿ. ಮೇಲಿರೋ ತಾರೀಖು ತಪ್ಪಲ್ಲ. ನಿಮ್ಮ ಫೆಬ್ರವರಿಗೆ ಮೂವತ್ತು ಇರ್ಲಿಲ್ಲ, ನಮ್ಮದಕ್ಕಿದೆ. ಯಾರೋ ಕ್ಯಾಲೆಂಡರ್ ಸರಿ ಮಾಡ್ತೀವಿ ಅಂತ ಹೊರಟ್ರು, ಹೀಗಾಯ್ತು. ನನ್ನ ಮಾತು ಎಲ್ಲಾದ್ರೂ ವಿಚಿತ್ರ ಅನ್ನಿಸಿದ್ರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡ ನಾನು ಕಲಿತದ್ದು ನಿಮ್ಮ ಅಭಿಮಾನಿಗಳ ಹಳೇ ಚಾಟ್ ಓದಿ. ಅದರಲ್ಲಿ ಅರ್ಧ ಬೈಗುಳ. ಉಳಿದ ಅರ್ಧದಲ್ಲಿ ಬರೀತಾ ಇದೀನಿ.

ನನ್ನ ಹೆಸರು ತಿಪ್ಪಕ್ಕ. ನಿಮ್ಮ ಕಾಲದಲ್ಲಿ ಇದು ಅಜ್ಜಿಯರ ಹೆಸರಂತೆ, ನಮ್ಮ ಕ್ಲಾಸಲ್ಲಿ ನಾಲ್ಕು ಜನ ತಿಪ್ಪಕ್ಕ ಇದ್ವಿ. ವಯಸ್ಸು ಹತ್ತೊಂಬತ್ತು. ನಿಮ್ಮ ‘ಒಂಬತ್ತೂವರೆ’ ಬ್ಯಾಂಡಿನ ಹುಚ್ಚು ಹಿಡಿದು ಆರು ವರ್ಷ ಆಯ್ತು. ಈ ಕಾಗದ ಬರ್ತಿರೋದು ಹಿಂದಂಚೆಯಲ್ಲಿ, ಅಂದ್ರೆ ಹೋದ ಕಾಲಕ್ಕೆ ಕಾಗದ ಹಾಕೋ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅವಕಾಶ. ನನ್ನ ಆ ಒಂದನ್ನ ನಿಮಗೆ ಹಾಕ್ತೀನಿ ಅಂದಾಗ ಅಮ್ಮ ತಟ್ಟೆ ಕುಕ್ಕಿದ್ಲು. ಎಲ್ಲರ ಮಕ್ಕಳು ಮುತ್ತಜ್ಜಿಗೆ ಬರೀತಾರೆ, ನೀನು ಡ್ರಮ್ ಕುಟ್ಟೋನಿಗೆ ಬರೀತೀಯಲ್ಲೇ, ಅವನೇನು ನಿನ್ನ ಮಾವನಾ ಅಂದ್ಲು. ಈ ಕಾಗದ ನಿಮ್ಮ ಕೈಗೆ 2026ರಲ್ಲಿ ಸಿಗತ್ತೆ. ನಿಮಗೆ ಮೂವತ್ತಮೂರು, ‘ಕಡಲ ಮೂಳೆ’ ರೆಕಾರ್ಡ್ ಮಾಡಿ ನಾಲ್ಕು ವರ್ಷ ಆಗಿರತ್ತೆ. ನನಗೆ ಬೇಕಾಗಿರೋದು ಆ ಒಂದು ಹಾಡಿನ ವಿಷಯ.

ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರ್ಲಿ. ನಮ್ಮಲ್ಲಿ ಪ್ರತಿ ಬೀದಿಗೂ ಸದ್ದುಪಾಲು ಅಂತ ಇದೆ. ದಿನಕ್ಕೆ ಇಷ್ಟೇ ಸದ್ದು, ಅದನ್ನ ಬೀದಿಯವರೆಲ್ಲ ಹಂಚ್ಕೊಂಡು ಬಳಸ್ಬೇಕು. ಕುಕ್ಕರ್ ಸೀಟಿ, ಮಿಕ್ಸಿ, ಮಗುವಿನ ಅಳು ಬಿಟ್ಟು ಬಾಕಿ ಎಲ್ಲ ಲೆಕ್ಕಕ್ಕೆ ಬರ್ತಿತ್ತು, ಹೋದ ವರ್ಷದಿಂದ ಮಿಕ್ಸಿನೂ ಬಂತು. ನಾನು ಒಂದು ಗಂಟೆ ಡ್ರಮ್ ಪ್ರಾಕ್ಟೀಸ್ ಮಾಡಿದ್ರೆ ಬೀದಿಯ ಪಾಲು ಖಾಲಿ. ಪಕ್ಕದ ಮನೆ ಓಬಳಮ್ಮ ಒಂದು ವರ್ಷದಿಂದ ನನಗೋಸ್ಕರ ಚಟ್ನಿ ಒರಳಲ್ಲಿ ರುಬ್ತಾರೆ. ಸುಮ್ನೆ ರುಬ್ಬಲ್ಲ, ಕಾಂಪೌಂಡ್ ಮೇಲಿಂದ ತಲೆ ಹಾಕಿ, ಆಯ್ತೇನೇ ನಿನ್ನ ಕಡಲು, ನನ್ನ ರಟ್ಟೆ ಬಿದ್ದೋಯ್ತು ಅಂತ ದಿನಾ ಕೂಗ್ತಾರೆ. ಆ ಕೂಗೂ ಪಾಲಿಗೆ ಸೇರತ್ತೆ ಅಂತ ನಾನಂದ್ರೆ ಇನ್ನೂ ಜೋರಾಗಿ ಕೂಗ್ತಾರೆ. ಇಂಥಾ ಊರಲ್ಲಿ ಯಂತ್ರ ತಯಾರಿಸಿದ ಹಾಡಿಗೆ ಪಾಲು ಕೊಡೋದೇ ಇಲ್ಲ. ಯಂತ್ರ ನಿಮಿಷಕ್ಕೆ ಸಾವಿರ ಹಾಡು ಉಗುಳ್ತಿದ್ದ ಕಾಲ ನೋಡಿ ಜನಕ್ಕೆ ಸಾಕಾಗಿತ್ತು. ಹಾಗಾಗಿ ಪ್ರತಿ ಹಳೇ ಹಾಡಿಗೂ ಈಗ ಒಂದು ಮುದ್ರೆ ಬೀಳ್ತಿದೆ, ‘ಕೈ’ ಅಥವಾ ‘ಯಂತ್ರ’. ಕೈ ಅಂದ್ರೆ ಬೀದಿಯಲ್ಲಿ, ಶಾಲೆಯಲ್ಲಿ, ಮದುವೇಲಿ ಹಾಕಬಹುದು. ಯಂತ್ರ ಅಂದ್ರೆ ಮುಗೀತು, ಯಾರೂ ಗಟ್ಟಿಯಾಗಿ ಹಾಕೋ ಹಾಗಿಲ್ಲ.

‘ಕಡಲ ಮೂಳೆ’ಗೆ ಯಂತ್ರದ ಮುದ್ರೆ ಬೀಳೋದ್ರಲ್ಲಿದೆ ಸರ್. ಹನ್ನೊಂದು ನಿಮಿಷದ ಆ ಡ್ರಮ್ಮು ಒಬ್ಬ ಮನುಷ್ಯನ ಕೈಯಲ್ಲಿ ಸಾಧ್ಯ ಇಲ್ಲ ಅಂತ ಕೈಮುದ್ರೆ ಮಂಡಳಿಯವರ ಅನುಮಾನ. ತಪ್ಪು ಅಂತ ತೋರಿಸೋಕೆ ಒಂದೇ ದಾರಿ. ನೀವು ಬಾರಿಸಿದಂಥದ್ದೇ ಸೆಟ್ ಕಟ್ಟಿ, ಅದೇ ಜೋಡಣೆಯಲ್ಲಿ, ಮಂಡಳಿಯ ಮೂವರ ಎದುರು ಜೀವಂತ ಮನುಷ್ಯರು ಅದನ್ನ ಬಾರಿಸ್ಬೇಕು. ಬರೋ ತಿಂಗಳು ಒಂಬತ್ತನೇ ತಾರೀಖು ಪರೀಕ್ಷೆ. ಬಾರಿಸೋಳು ನಾನು.

ಈಗ ಹೇಳಿ, ಯಾವ ಸೆಟ್? ನಿಮ್ಮ ಅಭಿಮಾನಿಗಳ ಚಾಟ್ ಗ್ರೂಪ್ ಇತ್ತಲ್ಲ, 2019ರಲ್ಲಿ ಶುರುವಾದದ್ದು, ಅದು ಇನ್ನೂ ಮುಗಿದಿಲ್ಲ. ನಾವು ಅದನ್ನ ‘ಎಳೆ’ ಅಂತೀವಿ. ಮೊದಲಿಂದ ಓದಿ ಮುಗಿಸಿದವರಿಗೆ ಮಾತ್ರ ಅಲ್ಲಿ ಬಾಯಿ ಬಿಡೋ ಹಕ್ಕು. ನಾನು ಮೂರು ವರ್ಷ ಓದಿದೆ. ನಿಮ್ಮ ಮೊದಲ ಸೆಟ್ ಬಗ್ಗೆ ಎಳೆಯಲ್ಲಿ ಜಗಳ ಇಲ್ಲ. ಕಾರವಾರದ ಬೈತಖೋಲದಲ್ಲಿ ನಿಮ್ಮಪ್ಪನ ದೋಣಿಯ ಮೀನಿನ ಬಾಕ್ಸು ಎರಡು, ಐಸು ತುಂಬೋ ನೀಲಿ ಡ್ರಮ್ಮು, ಸಿಂಬಲ್ ಬದಲು ಪಾತ್ರೆ ಮುಚ್ಚಳ. ಮುಚ್ಚಳಕ್ಕೆ ತೂತು ಹೊಡೆದದ್ದಕ್ಕೆ ಅಮ್ಮ ಎರಡು ದಿನ ಮಾತು ಬಿಟ್ರು ಅಂತ ನೀವೇ ಹೇಳಿದೀರ. ಆಮೇಲೆ ಆರ್ಕೆಸ್ಟ್ರಾದವರು ಬಿಟ್ಟುಹೋದ ಕೆಂಪು ಸೆಟ್ಟು. ಅದರ ಸಿಂಬಲ್ ಒಡೆದಿತ್ತು, ನೀವು ಬಿರುಕನ್ನ ಗರಗಸದಲ್ಲಿ ಕೊಯ್ದು ಚಂದ್ರನ ಆಕಾರ ಮಾಡಿದ್ರಿ. ಅದರ ಜೊತೆ ಬಂದದ್ದೇ ಆ ಹಿತ್ತಾಳೆ ಸ್ನೇರ್, ಮೊಣಕಾಲ ನಡುವೆ ಕೂರೋ, ತಳಕ್ಕೆ ತಂತಿ ಬಿಗಿದ ಡ್ರಮ್ಮು. ಅಲ್ಲಿಂದ ಶುರು ನೋಡಿ ನಮ್ಮ ಗೋಳು. ಒಂದೇ ಡ್ರಮ್ಮನ್ನ ಎರಡೂ ಕಾಲಲ್ಲಿ ತುಳಿಯೋ ಜೋಡಿ ಪೆಡಲ್ ಬಂತು. ಸಮುದ್ರದ ಗಾಳಿಗೆ ಅದರ ಸ್ಪ್ರಿಂಗ್ ತುಕ್ಕು ಹಿಡಿದು ಮುರೀತು, ನೀವು ಬಲೆ ಹೆಣೆಯೋ ದಾರ ಕಟ್ಟಿದ್ರಿ. ಸರಿ, ಆ ದಾರ ಎಷ್ಟು ದಪ್ಪ ಅಂತ ಬರೆದಿಡೋದಲ್ವಾ? ಇಲ್ಲ. ಆಮೇಲೆ ದೊಡ್ಡ ಡ್ರಮ್ಮೇ ಎರಡಾಯ್ತು. ಮೇಲೆ ಟಾಮ್ ಅನ್ನೋ ಸಣ್ಣ ಡ್ರಮ್ಮು ನಾಲ್ಕು, ನೆಲದ ಮೇಲೆ ದಪ್ಪ ಟಾಮ್ ಎರಡು, ಸಿಂಬಲ್ ಹನ್ನೊಂದು, ಎಲ್ಲ ನೇತುಹಾಕೋಕೆ ಸುತ್ತ ಕಬ್ಬಿಣದ ಚೌಕಟ್ಟು. ಎಳೆಯಲ್ಲಿ ಇದಕ್ಕೆ ‘ಜೈಲು ಕಾಲ’ ಅಂತಾರೆ, ಒಳಗೆ ಹೋದ್ರೆ ನೀವು ಕಾಣ್ತಾನೇ ಇರ್ಲಿಲ್ಲವಂತೆ.

ಅಷ್ಟರಲ್ಲೇ ನಿಲ್ಲಿಸಿದ್ರಾ? 2021ರಲ್ಲಿ ಟ್ರಿಗರ್ ಹಾಕಿದ್ರಿ. ಡ್ರಮ್ಮಿನ ಅಂಚಿಗೆ ಕಚ್ಚಿಸೋ ಆ ಪುಟ್ಟ ಡಬ್ಬಿ. ನೀವು ಹೊಡೆದ ತಕ್ಷಣ ಅದು ಇನ್ನೊಂದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸತ್ತೆ, ಪೆಟ್ಟಿಗೆ ಮೊದಲೇ ತುಂಬಿಟ್ಟ ಸದ್ದು ಬಿಡತ್ತೆ. ಇಡೀ ಅನುಮಾನಕ್ಕೆ ಬೇರು ಅದೇ. ಹೊಡೆದದ್ದು ಕಾಲೇ, ಸದ್ದು ಮಾತ್ರ ಪೆಟ್ಟಿಗೆಯದು ಅಂತ ನಾವು ಬಾಯಿ ಬಡ್ಕೊಂಡ್ವಿ. ಪೆಟ್ಟಿಗೆ ತಾನಾಗೇ ಹೊಡೆದಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ ಅಂತ ಮಂಡಳಿ. ಮುಂದೆ ಆಗೋದನ್ನ ಹೇಳಬಾರದು ಅಂತ ಹಿಂದಂಚೆಯ ರೂಲ್ಸ್ ಇದೆ, ಆದ್ರೆ ಡ್ರಮ್ ಬಗ್ಗೆ ಬರ್ಕೋ, ಅದರಿಂದ ಲೋಕಕ್ಕೇನೂ ಆಗಲ್ಲ ಅಂತ ಕೌಂಟರಿನೋರು ನಕ್ಕರು, ಹಾಗಾಗಿ ಹೇಳ್ತೀನಿ. ನಿಮ್ಮ ಸೆಟ್ ಇನ್ನು ಮುಂದೆ ಕರಗ್ತಾ ಹೋಗತ್ತೆ. ಕೊನೆಗೆ ನಾಲ್ಕೇ ಡ್ರಮ್ಮು, ಎರಡೇ ಸಿಂಬಲ್ಲು, ಒಂಟಿ ಪೆಡಲ್. ಎಳೆಯ ಹಿರಿಯ ಜಂಬಣ್ಣ, ರಾಯಚೂರಿನೋರು, ಅರವತ್ತೊಂದು ವಯಸ್ಸು, ಇದನ್ನ ತ್ಯಾಗ, ವೈರಾಗ್ಯ ಅಂತೆಲ್ಲ ಹೇಳಿ ಕಣ್ಣು ಒರೆಸ್ಕೊಳ್ತಾರೆ. ನಾನು ತಾರೀಖು ಹಾಕಿ ನೋಡಿದೆ. ನಿಮ್ಮ ಪ್ರಾಕ್ಟೀಸ್ ರೂಮು ಲಿಫ್ಟಿಲ್ಲದ ಮೂರನೇ ಮಹಡಿಗೆ ಹೋದ ವರ್ಷವೇ ಸೆಟ್ ಅರ್ಧ ಆಗಿದೆ. ಇದನ್ನ ಎಳೆಯಲ್ಲಿ ಹಾಕಿದ್ದಕ್ಕೆ ನನ್ನನ್ನ ಹತ್ತು ದಿನ ಹೊರಗಿಟ್ರು. ಬಿಟ್ಟ ಸಾಮಾನನ್ನ ನೀವು ಕಂಡಕಂಡವರಿಗೆ ಕೊಟ್ಟುಬಿಟ್ಟಿದೀರ. ಕೆಂಪು ಸೆಟ್ಟಿನ ಕಾಲದಿಂದ ಕೊನೇವರೆಗೂ ನಿಮ್ಮ ಜೊತೆ ಉಳಿದದ್ದು ಆ ಹಿತ್ತಾಳೆ ಸ್ನೇರ್ ಒಂದೇ.

ಇನ್ನು ಪೋಸ್ಟರ್ ವಿಷಯ. ಅದನ್ನ ನೆನೆಸ್ಕೊಂಡ್ರೆ ಈಗಲೂ ಮೈ ಉರಿಯತ್ತೆ. ‘ಕಡಲ ಮೂಳೆ’ ಕಾಲದ ಸೆಟ್ಟಿನ ಸ್ಪಷ್ಟ ಚಿತ್ರ ನಮಗೆ ಸಿಕ್ಕಿದ್ದು ಒಂದೇ, ಡ್ರಮ್ ಕಂಪನಿಯೊಂದು ಹಾಕಿಸಿದ ಪೋಸ್ಟರ್. ನೀವು ಕೈ ಕಟ್ಟಿ ನಗ್ತಾ ಕೂತಿದೀರ. ಅದನ್ನ ಅಳೆದೂ ಅಳೆದೂ ನಾವು ಸೆಟ್ ಕಟ್ಟಿದ್ವಿ. ಹೊಸ ಮರ ಕಡಿಯೋ ಹಾಗಿಲ್ಲ, ಹಳೇ ಬಾಗಿಲು ಹುಡುಕಿ ತಂದು ಡ್ರಮ್ಮಿನ ಮೈ ಬಗ್ಗಿಸಿದ್ವಿ. ಸಿಂಬಲ್ ಎರಕ ಹೊಯ್ಯೋರು ಸಿಗೋಕೇ ಒಂದು ವರ್ಷ. ಎಲ್ಲ ಆಗಿ ಕೂತ್ಕೊಂಡ್ರೆ ಎಡಗಡೆ ಸಿಂಬಲ್ ಮುಗಿಲಲ್ಲಿದೆ, ಟಾಮ್ ಪಾತಾಳದಲ್ಲಿದೆ. ಎರಡೂ ಒಂದೇ ಏಟಿಗೆ ಮುಟ್ಟೋಕೆ ಹೋಗಿ ನನ್ನ ಭುಜ ಉಳುಕಿ ಎರಡು ತಿಂಗಳು ಜಡೆ ಅಮ್ಮನೇ ಹಾಕಿದ್ಲು. ಜಂಬಣ್ಣ ನಿಮ್ಮ ಮದುವೆ ಫೋಟೋ ತಂದು, ಹಾರ ಹಿಡಿದಿರೋ ಭಂಗಿ ಅಳೆದು, ನಿಮ್ಮ ಕೈ ಮಾಮೂಲಿಗಿಂತ ಮೂರು ಇಂಚು ಉದ್ದ ಅಂತ ಸಾಧಿಸಿದ್ರು. ಹಾಗಾದ್ರೆ ನನ್ನ ಕೈ ಎಳೀತೀರಾ ಅಂತ ಕೇಳಿದೆ. ನಿನಗೆ ಶ್ರದ್ಧೆ ಸಾಲ್ದು ಮಗಳೇ ಅಂದ್ರು. ಕೊನೆಗೆ ಕುಮಟಾದ ಮಂಜುಳಿ ಅನ್ನೋ ಹುಡುಗಿ, ಎಳೆಯಲ್ಲಿ ಯಾವತ್ತೂ ಬಾಯಿ ಬಿಡದೋಳು, ಅವಳ ಮನೆಯ ಹಳೇ ಫೋನಿಂದ ಒಂದು ವಿಡಿಯೋ ಹಾಕಿದ್ಲು. ಹದಿನಾಲ್ಕು ಸೆಕೆಂಡು, ರೆಕಾರ್ಡಿಂಗ್ ರೂಮಿನಲ್ಲಿ ನಿಮ್ಮ ಬೆನ್ನ ಹಿಂದಿಂದ ತೆಗೆದದ್ದು. ಸಿಂಬಲ್ ಎಲ್ಲ ಕೆಳಗೆ, ಎದೆ ಹತ್ತಿರ. ಟಾಮ್ ಎತ್ತರಕ್ಕೆ, ನಿಮ್ಮ ಕಡೆ ಬಾಗಿ. ಪೋಸ್ಟರಿಗೂ ಇದಕ್ಕೂ ಸಂಬಂಧವೇ ಇಲ್ಲ. ಮಂಜುಳಿ ಕೆಳಗೆ ಒಂದೇ ಸಾಲು ಬರೆದಿದ್ಲು, ಪೋಸ್ಟರಿನಲ್ಲಿ ಮುಖ ಕಾಣ್ಲಿ ಅಂತ ಎಲ್ಲ ಸರಿಸಿರ್ಬೇಕು ಕಣ್ರೋ ಅಂತ.

ಮುಖ ಕಾಣ್ಲಿ ಅಂತ! ನಿಮ್ಮ ಮುಖ ಕಾಣ್ಲಿ ಅಂತ ಫೋಟೋದವನು ಸರಿಸಿದ ಜಾಗದಲ್ಲಿ ನಾವು ಎರಡು ವರ್ಷ ಸಿದ್ಧಾಂತ ಹುಡುಕಿದ್ವಿ ಸರ್. ಎತ್ತರದ ಸಿಂಬಲ್ ಅಂದ್ರೆ ಆಕಾಶ, ತಗ್ಗಿನ ಟಾಮ್ ಅಂದ್ರೆ ಕಡಲ ತಳ ಅಂತ ಜಂಬಣ್ಣ ನಲವತ್ತು ಪುಟ ಬರೆದಿದ್ರು. ಅವತ್ತು ಎಳೆಯಲ್ಲಿ ಒಂದು ದಿನ ಪೂರ್ತಿ ಯಾರೂ ಏನೂ ಬರೀಲಿಲ್ಲ. ನೂರ ನಲವತ್ತು ವರ್ಷದಲ್ಲಿ ಮೊದಲ ಸಲ.

ಎಲ್ಲ ಬಿಚ್ಚಿ ವಿಡಿಯೋ ಥರಾನೇ ಜೋಡಿಸಿದೆ. ಕೂತೆ. ಏನ್ ಸರ್ ಅದು, ಕೈ ಚಾಚಿದ ಕಡೆಯೆಲ್ಲ ಡ್ರಮ್ ತಾನೇ ಬಂದು ನಿಂತಿರತ್ತೆ! ಮೂರು ವಾರದಲ್ಲಿ ಮೊದಲ ಏಳು ನಿಮಿಷ ಬಂತು. ಓಬಳಮ್ಮ ಒರಳು ಬಿಟ್ಟು ಬಂದು ಬಾಗಿಲಲ್ಲಿ ನಿಂತ್ರು, ಇದೇನೇ ಇವತ್ತು ಕೇಳೋ ಹಂಗಿದೆ ಅಂದ್ರು. ಕೊನೆಯ ಮೂರು ನಿಮಿಷಾನೂ ಬಂತು. ನಡುವೆ ಒಂದೇ ಒಂದು ಜಾಗ ಉಳೀತು. ಏಳು ನಿಮಿಷ ನಲವತ್ತೆರಡನೇ ಸೆಕೆಂಡಿನಿಂದ ನಾಲ್ಕು ಸುತ್ತು. ಎರಡೂ ಕಾಲು ಪೆಡಲ್ ಮೇಲೆ ಓಡ್ತಾ ಇರತ್ತೆ. ಬಲಗೈ ದೊಡ್ಡ ಸಿಂಬಲ್ ಮೇಲೆ, ಒಂದೂ ಏಟು ಬಿಡೋ ಹಾಗಿಲ್ಲ. ಎಡಗೈ ಸ್ನೇರ್ ಮೇಲೆ. ಇಷ್ಟರ ಮಧ್ಯ ನೆಲದ ಟಾಮ್ ನಿಧಾನಕ್ಕೆ, ಬಾಗಿಲು ಬಡಿದ ಹಾಗೆ, ನಾಲ್ಕು ಏಟು ಕೇಳತ್ತೆ. ಇಡೀ ಹಾಡಿನಲ್ಲಿ ನನ್ನ ಕಣ್ಣಲ್ಲಿ ನೀರು ಬರಿಸೋದು ಆ ನಾಲ್ಕೇ ಏಟು. ಅದಕ್ಕೆ ನನ್ನ ಹತ್ತಿರ ಕೈ ಇಲ್ಲ. ಯಾರ ಹತ್ತಿರಾನೂ ಇರಲ್ಲ.

ಎಳೆಯಲ್ಲಿ ಮತ್ತೆ ಯುದ್ಧ. ಆ ನಾಲ್ಕು ಏಟು ಹೊಡೆದದ್ದು ನಿಮ್ಮ ಹೆಂಡತಿ ಅಂತ ಕೆಲವರು, ಬೇಸ್ ಗಿಟಾರ್ ನುಡಿಸೋರು ಅಂತ ಕೆಲವರು, ನೀವೇ ಆಮೇಲೆ ಬಂದು ಹೊಡೆದು ಸೇರಿಸಿದ್ದು ಅಂತ ಕೆಲವರು. ಪೆಟ್ಟಿಗೆ ಅಂತ ಯಾರೂ ಬರೀಲಿಲ್ಲ, ಆದ್ರೆ ಎಲ್ಲರ ತಲೇಲೂ ಅದೇ ಇದೆ ಅಂತ ನನಗೆ ಗೊತ್ತು. ನನ್ನ ತಲೇಲೂ ಇದೆ, ಅದಕ್ಕೇ ಇಷ್ಟು ಸಿಟ್ಟು. ಮಂಡಳಿಯವರನ್ನ ಕೇಳಿದೆ. ಇಬ್ಬರು ಬಾರಿಸಿದ್ರೂ, ಒಬ್ಬರೇ ಎರಡು ಸಲ ಬಾರಿಸಿದ್ರೂ ಅದು ಕೈಯೇ, ನಿನ್ನ ಪಕ್ಕ ಇನ್ನೊಬ್ಬರನ್ನ ಕೂರಿಸ್ಕೋ, ಆದ್ರೆ ಹಾಗೆ ನಡೆದದ್ದು ಅಂತ ಬಾರಿಸಿದವರ ಕೈಬರಹ ತೋರಿಸು ಅಂದ್ರು. ನಿಮ್ಮ ಕೈಬರಹ ನಮ್ಮ ಹತ್ತಿರ ಎಲ್ಲೂ ಇಲ್ಲ. ಪೆಡಲ್ ದಾರದ ದಪ್ಪ ಬರೆದಿಡದೋರು ಇದನ್ನ ಬರೀತೀರಾ?

ಈಗಲಾದ್ರೂ ಬರೀರಿ. ಆ ಹಿತ್ತಾಳೆ ಸ್ನೇರ್ ಮಂಡಳಿಯ ಕಪಾಟಿನಲ್ಲಿ ಭದ್ರವಾಗಿದೆ. ನೀವು ಕೊನೇ ಸಲ ಬಿಗಿದ ಮೇಲೆ ಅದರ ತೊಗಲು ಯಾರೂ ಬಿಚ್ಚಿಲ್ಲ. ಒಂಬತ್ತನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ, ಪರೀಕ್ಷೆಗೆ ಮುಂಚೆ, ನಮ್ಮೆಲ್ಲರ ಎದುರು ಬಿಚ್ಚುತ್ತಾರೆ. ನೀವು ಇವತ್ತೇ ಅದರ ಮೇಲಿನ ತೊಗಲು ತೆಗೆದು, ಒಳಮೈ ಮೇಲೆ ಒಂದು ಮೊಳೆಯಲ್ಲಿ ಗೀಚಿ. ಉದ್ದ ಬೇಡ, ಒಂದು ಹೆಸರು ಸಾಕು. ಪೆಟ್ಟಿಗೆ ಹೊಡೆದದ್ದೇ ನಿಜ ಆದ್ರೆ ಅದನ್ನೇ ಗೀಚಿ, ಸುಳ್ಳು ಬೇಡ. ನಾನು ಎದ್ದು ಮನೆಗೆ ಹೋಗ್ತೀನಿ, ಓಬಳಮ್ಮಂಗೆ ಅವರ ಮಿಕ್ಸಿ ವಾಪಸ್ ಕೊಡ್ತೀನಿ, ಕಿವಿಯೊಳಗೆ ಮಾತ್ರ ಕೇಳ್ಕೊಂಡಿರ್ತೀನಿ. ಒಳಗೆ ಏನೂ ಇಲ್ಲದೆ ಬರೀ ಹಿತ್ತಾಳೆ ಹೊಳೆದ್ರೆ ಮಾತ್ರ ತಡ್ಕೊಳ್ಳೋಕಾಗಲ್ಲ. ನನ್ನ ಪಕ್ಕ ಇನ್ನೊಂದು ಸ್ಟೂಲ್ ಹಾಕಿಸಿದೀನಿ. ಮಂಜುಳಿ ಕುಮಟಾದಿಂದ ಹೊರಟಿದಾಳೆ, ನಾಲ್ಕೇ ಏಟು ಕಲಿತಿದಾಳೆ. ಅವಳು ಯಾರ ಜಾಗದಲ್ಲಿ ಕೂರಬೇಕು, ಮೊಳೆ ಹಿಡಿದು ಹೇಳೋ ಧೈರ್ಯ ಇದೆಯಾ ನಿಮಗೆ, ಆ ಮೂರನೇ ಕೈ ಯಾರದು ಸರ್?